ಮಣ್ಣಗುಡ್ಡದ ಮಂದೆ

ನಾನು ಇದ್ದಲ್ಲಿ ಇರುವ ಮನುಷ್ಯನಲ್ಲ. ಹೀಗೆಂದ ಕೂಡಲೇ ಊರೂರು ಅಲೆಯುವವನೆಂದು ತಿಳಿಯಬೇಡಿ. ಮಣ್ಣಗುಡ್ಡದ ಮನೆಯಿಂದ ಹಂಪನಕಟ್ಟೆಯ ನನ್ನ ಕನ್ನಡಕದ ಅಂಗಡಿಗೆ, ಅಂಗಡಿಯಿಂದ ಮನೆಗೆ, ನನ್ನ ಲೋಕಸಂಚಾರ ಇಷ್ಟೇ. ದೇಹದ ಮಟ್ಟಿಗೆ ನನ್ನಷ್ಟು ನಂಬಿಕಸ್ಥ ಸಂಸಾರಿ ಸಿಗಲಾರ. ಮನಸ್ಸಿನ ಮಾತು ಬೇರೆ. ಗಿರಾಕಿಯ ಕನ್ನಡಕವನ್ನು ಬೆಳಕಿಗೆ ಹಿಡಿದು ಒರೆಸುತ್ತಿರುವಾಗ ಗಾಜಿನೊಳಗಿಂದ ಎದುರಿನ ಕಟ್ಟಡದ ಮೇಲೊಂದು ಮೋಡ ಕಾಣುತ್ತದೆ. ಅದರ ಅಂಚು ಹಿಡಿದು ಹೊರಟವನು ಎಲ್ಲೆಲ್ಲಿಗೋ ಹೋಗಿರುತ್ತೇನೆ. ಗಿರಾಕಿ ಮೆಲ್ಲಗೆ ಕೆಮ್ಮಿ, ಗಾಜು ಸವೆದರೆ ನಂಬರು ಬದಲಾಗುತ್ತದೆಯೇ ಎಂದು ವಿಚಾರಿಸಿದಾಗ ಇಳಿದು ಬರುತ್ತೇನೆ. ಊಟಕ್ಕೆ ಕೂತರೂ ಇದೇ ಪಾಡು. ಅನ್ನಕ್ಕೆ ಸಾರು ಕಲಸಿಕೊಂಡು, ಕಿಟಕಿಯಾಚೆಯ ಮಾವಿನ ಮರ ನೋಡುತ್ತ, ಕೈ ಒಣಗುವವರೆಗೆ ಕೂತುಬಿಡುತ್ತೇನೆ. ನನ್ನ ಹೆಂಡತಿ ವೀಣಾ ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವಳು. ಏನನ್ನೂ ತೂಗಿ ಅಳೆದು ಹೇಳುವುದು ಅವಳ ವೃತ್ತಿಧರ್ಮ. ಯಾರಾದರೂ ಮನೆಗೆ ಫೋನು ಮಾಡಿ ನಾನಿದ್ದೇನೆಯೇ ಎಂದು ಕೇಳಿದರೆ, "ಕೂತಿದ್ದಾರೆ. ಇದ್ದಾರಾ ಅಂತ ನೋಡಿ ಹೇಳ್ತೇನೆ" ಎನ್ನುತ್ತಾಳೆ.

ಇಂಥವನ ಮನೆಗೆ, ಚದುರಿದ್ದನ್ನೆಲ್ಲ ಒಂದೆಡೆ ಸೇರಿಸುವುದೇ ಹುಟ್ಟುಗುಣವಾದ ಪ್ರಾಣಿಯೊಂದು ಬಂದು ಸೇರಿತು. ತಂದವಳು ನಮ್ಮ ಮಗಳು ಅನ್ವಿತಾ. ಸುರತ್ಕಲ್ಲಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುವ ಅವಳು ಶನಿವಾರ ಬಸ್ಸಿನಲ್ಲಿ ಬರುವಾಗ ಒಗೆಯುವ ಬಟ್ಟೆಯ ಗಂಟು ತರುವುದು ವಾಡಿಕೆ. ಆ ಶನಿವಾರ ರಿಕ್ಷಾದಲ್ಲಿ ಬಂದಳು. ಗಂಟಿನ ಮೇಲೆ ಕಪ್ಪು ಬಿಳುಪಿನ ಒಂದು ನಾಯಿಮರಿ ಕೂತಿತ್ತು. ಅವಳ ಗೆಳತಿಯ ಮನೆಯವರಿಗೆ ದೂರದೂರಿಗೆ ವರ್ಗವಾಗಿ, ಅಲ್ಲಿನ ಫ್ಲಾಟಿನಲ್ಲಿ ನಾಯಿಗೆ ಜಾಗವಿಲ್ಲವಂತೆ. ಬಾರ್ಡರ್ ಕೋಲಿ ಎಂಬ ಜಾತಿ. ವಿದೇಶದ ಹೊಲಮನೆಗಳಲ್ಲಿ ಇದೊಂದಿದ್ದರೆ ನಾಲ್ಕು ಆಳುಗಳು ಇದ್ದ ಹಾಗೆ ಎಂದು ಅನ್ವಿತಾ ಮದುವೆ ದಲ್ಲಾಳಿಯ ಹಾಗೆ ಒಂದೇ ಉಸಿರಿನಲ್ಲಿ ವರ್ಣಿಸಿದಳು. ಕುರಿ ಕಾಯುತ್ತದೆ, ದನ ಅಟ್ಟುತ್ತದೆ, ಬಾತುಕೋಳಿಗಳನ್ನು ಗೂಡು ಸೇರಿಸುತ್ತದೆ, ಮಕ್ಕಳಿದ್ದರೆ ಅವರ ಮೇಲೂ ಕಣ್ಣಿಡುತ್ತದೆ. ಚಾವಡಿಯಲ್ಲಿ ಹರಿವೆ ಸೊಪ್ಪು ಸೋಸುತ್ತಿದ್ದ ನನ್ನ ಅಮ್ಮ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಅಷ್ಟು ಕೆಲಸ ಬರುವವನಿಗೆ ನಮ್ಮಲ್ಲಿ ಎಂತ ಕೆಲಸ ಉಂಟು?"

ಮರಿ ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡುತ್ತಿತ್ತು. ಹೊಸದಾಗಿ ಸೇರಿದ ಹೆಡ್‌ಮಾಸ್ತರು ಹಾಜರಿ ತೆಗೆದುಕೊಳ್ಳುವ ಮುನ್ನ ತರಗತಿಯನ್ನು ನೋಡುವ ಹಾಗೆ.

ಅಮ್ಮ ಗದ್ದೆ, ಕೋಣ, ಆಳುಕಾಳುಗಳಿದ್ದ ಗುತ್ತಿನ ಮನೆಯಲ್ಲಿ ಹುಟ್ಟಿ ಬೆಳೆದವರು. ನಾಯಿಯ ಜಾಗ ಅಂಗಳ ಎಂಬುದು ಅವರ ಪಾಲಿಗೆ ಚರ್ಚೆಗೆ ಮೀರಿದ ಸಂಗತಿ. ಚಾವಡಿಯ ಹೊಸ್ತಿಲು ದಾಟಬಾರದು ಎಂದು ಮೊದಲ ದಿನವೇ ಆಜ್ಞೆ ಹೊರಡಿಸಿದರು. ಆ ವಾರ ಮರಿ ಹೊಸ್ತಿಲಿನ ಮೇಲೆ ಗಲ್ಲವಿಟ್ಟು ಮಲಗಿತು. ಹೊಸ್ತಿಲು ದಾಟಲಿಲ್ಲವಲ್ಲ, ತಕರಾರು ಮಾಡುವ ಹಾಗಿಲ್ಲ. ಮುಂದಿನ ವಾರ ಮುಂಗಾಲು ಒಳಗೆ, ಹಿಂಗಾಲು ಹೊರಗೆ. ಮಳೆಗಾಲ ಹಿಡಿಯುವಷ್ಟರಲ್ಲಿ ಅಡುಗೆಮನೆಯಲ್ಲಿ ಅಮ್ಮನ ಮಣೆಯ ಪಕ್ಕ ಒಂದು ಗೋಣಿಚೀಲ ಹಾಸಿತ್ತು. ಹಾಸಿದವರು ಯಾರೆಂದು ಕೇಳಿದರೆ ಅಮ್ಮ, "ಹೊರಗೆ ಸೆಕೆ" ಎಂದರು. ಹೊರಗೆ ಧಾರಾಕಾರ ಮಳೆ ಸುರಿಯುತ್ತಿತ್ತು.

ಅನ್ವಿತಾ ಇಟ್ಟ ಹೆಸರು ಬರ್ನಿ. ಅಮ್ಮನ ಬಾಯಲ್ಲಿ ಅದು ಭರಣಿಯಾಯಿತು. ನಮ್ಮ ಕಡೆ ಭರಣಿಯೆಂದರೆ ಉಪ್ಪಿನಕಾಯಿ ಹಾಕಿಡುವ ಪಿಂಗಾಣಿ ಜಾಡಿ. ಅನ್ವಿತಾ ತಿದ್ದಲು ನೋಡಿದಳು. ಆದರೆ ದಿನಕ್ಕೆ ಹೆಚ್ಚು ಸಲ ಕರೆಯುವವರ ಉಚ್ಚಾರವೇ ಕೊನೆಗೆ ಗೆಲ್ಲುತ್ತದೆ, ಅನ್ನ ಹಾಕುವವರೂ ಅವರೇ ಆದರಂತೂ ಮಾತೇ ಇಲ್ಲ. ಒಂದು ಭಾನುವಾರ ವೀಣಾ ಕಾಲೇಜಿನ ಯಾವುದೋ ಕೆಲಸಕ್ಕೆ ಹೊರಡುವಾಗ, ಭರಣಿಯನ್ನು ಚೆನ್ನಾಗಿ ತೊಳೆದು ಬಿಸಿಲಿಗೆ ಬಿಡಿ ಎಂದು ಹೇಳಿ ಹೋಗಿದ್ದಳು. ನಾನು ಅಟ್ಟದ ಮೇಲಿದ್ದ ದೊಡ್ಡ ಭರಣಿಯನ್ನು ಇಳಿಸಿ, ಹುಣಸೆಹುಳಿ ಹಾಕಿ ಉಜ್ಜಿ, ಅಂಗಳದ ನಡುವೆ ಬಿಸಿಲಿಗೆ ಬೋರಲು ಹಾಕಿ, ಅದರ ಹೊಳಪು ನೋಡುತ್ತ ಕೂತಿದ್ದೆ. ಮೈಯೆಲ್ಲ ಕೆಸರು ಮಾಡಿಕೊಂಡ ಇನ್ನೊಂದು ಭರಣಿಯೂ ನನ್ನ ಪಕ್ಕ ಕೂತು ಅದನ್ನೇ ನೋಡುತ್ತಿತ್ತು. ವೀಣಾ ಬಂದು ಗೇಟಿನಲ್ಲೇ ನಿಂತು ನಮ್ಮ ಮೂವರನ್ನೂ ಬಹಳ ಹೊತ್ತು ನೋಡಿದಳು.

ಭಾಷೆಯದ್ದು ಇನ್ನೊಂದು ಕತೆ. ನಮ್ಮ ಮನೆಮಾತು ತುಳು, ಇಲ್ಲಿ ಎಲ್ಲರ ಮಾತನ್ನೂ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅನ್ವಿತಾ ನಾಯಿಗೆ ಇಂಗ್ಲಿಷಿನಲ್ಲಿ 'ಸಿಟ್' ಎಂದರೆ ಅದು ಕೂರುತ್ತಿತ್ತು. ಅಮ್ಮ ತುಳುವಿನಲ್ಲಿ 'ಕುಲ್ಲು' ಎಂದರೂ ಕೂರುತ್ತಿತ್ತು. ನಾನೊಬ್ಬ ಅದಕ್ಕೆ ಕನ್ನಡ ಕಲಿಸುವ ಆಸೆಯಿಂದ, ಅದೂ ಪುಸ್ತಕದ ಕನ್ನಡ, "ಇಲ್ಲಿ ಕುಳಿತುಕೋ" ಎನ್ನುತ್ತಿದ್ದೆ. ಭರಣಿ ಒಂದು ಕಿವಿ ನೆಟ್ಟಗೆ ಮಾಡಿ, ತಲೆ ವಾರೆ ಮಾಡಿ, ಪೂರ್ತಿ ಕೇಳಿ, ಉಪನ್ಯಾಸ ಮುಗಿದ ಮೇಲೆ ಸಭಿಕರು ಏಳುವ ಹಾಗೆ ಎದ್ದು ಹೋಗುತ್ತಿತ್ತು. ಇದುವರೆಗೆ ನಾನೂ 'ಅದು', 'ಇತ್ತು' ಎಂದೇ ಬರೆದೆ. ಇನ್ನು ಮೇಲೆ ಆಗುವುದಿಲ್ಲ. ಮನೆಯಲ್ಲಿ ಎಲ್ಲರೂ 'ಅವನು' ಎನ್ನುತ್ತೇವೆ. ವ್ಯಾಕರಣಕ್ಕಿಂತ ಅಮ್ಮ ದೊಡ್ಡವರು.

ಮರಿ ಬೆಳೆದು ನಾಯಿಯಾದಂತೆ ಅಮ್ಮನ ಪ್ರಶ್ನೆ ದೊಡ್ಡದಾಯಿತು. ಕುರಿಯಿಲ್ಲ, ದನವಿಲ್ಲ, ಬಾತುಕೋಳಿಯಿಲ್ಲ. ಇರುವುದು ಒಂದು ಮಾವಿನ ಮರ, ನಾಲ್ಕು ಜನ. ಕೆಲಸವಿಲ್ಲದವನು ಕೆಲಸ ಹುಟ್ಟಿಸಿಕೊಂಡ. ಮೊದಲು ಚಪ್ಪಲಿಗಳು. ಬಂದವರು ಬಿಟ್ಟ ಚಪ್ಪಲಿಗಳನ್ನೆಲ್ಲ, ಕಚ್ಚದೆ, ಹರಿಯದೆ, ಮಾವಿನ ಮರದ ಬುಡದಲ್ಲಿ ಗುಂಪು ಹಾಕುತ್ತಿದ್ದ. ಆಮೇಲೆ ನಾವು. ನಮ್ಮದು ಒಂದೇ ಮಾಡಿನ ಕೆಳಗಿದ್ದೂ ಚದುರಿ ಬಾಳುವ ಮನೆ. ಸಂಜೆಯಾದರೆ ಅಮ್ಮ ಕೋಣೆಯಲ್ಲಿ ಟಿವಿಯ ಮುಂದೆ, ವೀಣಾ ಮೇಲಿನ ಕೋಣೆಯಲ್ಲಿ ಉತ್ತರ ಪತ್ರಿಕೆಗಳ ಮುಂದೆ, ನಾನು ವರಾಂಡದಲ್ಲಿ ಯಾವುದರ ಮುಂದೆಯೂ ಅಲ್ಲ. ಭರಣಿಗೆ ಇದು ಸರಿ ಕಾಣಲಿಲ್ಲ. ಮೇಲೆ ಹೋಗಿ ವೀಣಾಳ ಕಾಲನ್ನು ಮೂಗಿನಿಂದ ದೂಡಿ ಎಬ್ಬಿಸುತ್ತಿದ್ದ. ಅವಳು ಮೆಟ್ಟಿಲಿಳಿದು ಬರುವವರೆಗೆ ಹಿಂದೆಯೇ ಬಂದು, ನನ್ನ ಮೀನಖಂಡಕ್ಕೆ ಮೂಗು ಹಚ್ಚಿ ಎಬ್ಬಿಸಿ, ಇಬ್ಬರನ್ನೂ ಅಮ್ಮನ ಕೋಣೆಗೆ ತುಂಬಿಸಿ, ಬಾಗಿಲಿಗೆ ಅಡ್ಡ ಮಲಗಿದರೆ ಅವನ ದಿನದ ಕೆಲಸ ಮುಗಿಯಿತು. ಹೀಗೆ ನಾವು ಮೂವರೂ, ಅಮ್ಮನ ಧಾರಾವಾಹಿಯಲ್ಲಿ ಯಾರು ಯಾರ ಸೊಸೆ ಎಂಬುದನ್ನು ಇಷ್ಟವಿಲ್ಲದೆ ಕಲಿತೆವು. ವೀಣಾ ಉತ್ತರ ಪತ್ರಿಕೆಗಳನ್ನು ಅಲ್ಲಿಗೇ ತಂದು ತಿದ್ದತೊಡಗಿದಳು. ಅಮ್ಮ ನಡುನಡುವೆ ಕಡಿಮೆ ಅಂಕದವರ ಪರವಾಗಿ ವಾದಿಸುತ್ತಿದ್ದರು.

ಮನೆಯ ಮಂದೆ ಸಾಲದೆ ಬಂದಾಗ ಭರಣಿ ಪಕ್ಕದ ಮನೆಗೆ ಹೋದ. ಅಲ್ಲಿ ಫ್ಲಾವಿಯಾ ಬಾಯಿ ಎಂಬ ನಿವೃತ್ತ ಟೀಚರು ಸಂಜೆ ಸಣ್ಣ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ಒಂದು ದಿನ ಅವರು ನಮ್ಮ ಗೇಟಿನ ಹತ್ತಿರ ನಿಂತು ಬಹಳ ಮರ್ಯಾದೆಯಿಂದ ನನ್ನನ್ನು ಕರೆದರು. ಹೋಗಿ ನೋಡಿದರೆ ಅವರ ಸಿಟೌಟಿನ ಒಂದು ಮೂಲೆಯಲ್ಲಿ ಮಕ್ಕಳೆಲ್ಲ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಾರೆ, ಎದುರಿಗೆ ಭರಣಿ ಹೊಟ್ಟೆ ನೆಲಕ್ಕೆ ಹಚ್ಚಿ ಅವರನ್ನೇ ದಿಟ್ಟಿಸುತ್ತಿದ್ದಾನೆ. ಮಕ್ಕಳಿಗೆ ನಗು ತಡೆಯಲಾಗುತ್ತಿಲ್ಲ. "ಇಷ್ಟು ಶಿಸ್ತು ನನ್ನಿಂದ ಯಾವತ್ತೂ ತರ್ಲಿಕ್ಕೆ ಆಗ್ಲಿಲ್ಲ ಸರ್" ಎಂದರು ಫ್ಲಾವಿಯಾ ಬಾಯಿ. "ಆದರೆ ಮಕ್ಕಳ ಮನೆಯವರು ಹೆದರ್ತಾರೆ. ನೀವು ಸ್ವಲ್ಪ ನೋಡ್ಕೊಳ್ಬೇಕು." ನಾನು ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟೆ. ನೋಡಿಕೊಳ್ಳುವುದರಲ್ಲಿ ನನ್ನ ಸಾಮರ್ಥ್ಯ ಎಷ್ಟೆಂಬುದು ಅವರಿಗೆ ಗೊತ್ತಿರಲಿಲ್ಲ.

ಓಡಿಸಿ ದಣಿಸಿದರೆ ಸರಿಯಾದಾನೆಂದು ಬೆಳಗ್ಗೆ ಅವನನ್ನು ಕಡಲಿಗೆ ಕರೆದೊಯ್ಯತೊಡಗಿದೆ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿದರೆ ಆಚೆ ತಣ್ಣೀರುಬಾವಿ. ದೋಣಿಯಲ್ಲಿ ಭರಣಿ ಅಂಚಿಗೆ ನಿಂತವರನ್ನೆಲ್ಲ ಮೂಗಿನಿಂದ ದೂಡಿ ನಡುವಿಗೆ ತರುತ್ತಿದ್ದ, ದೋಣಿಯವನಿಗೆ ಅದು ಬಹಳ ಹಿಡಿಸಿತು. ಆಚೆ ದಡದ ಗಾಳಿಮರಗಳ ನಡುವೆ ಮಂಜು ಇನ್ನೂ ಕರಗಿರುತ್ತಿರಲಿಲ್ಲ. ಮರಳಿಗೆ ಇಳಿದು ಹಗ್ಗ ಬಿಟ್ಟ ಕೂಡಲೇ ಅವನು ತೆರೆಗಳ ಮುಂದೆ ಕವುಚಿ ಮಲಗುತ್ತಿದ್ದ. ಒಂದು ತೆರೆ ಎದ್ದು ಬರುತ್ತದೆ. ಅವನು ಅದನ್ನು ಕಣ್ಣಲ್ಲೇ ಹಿಡಿದಿಡುತ್ತಾನೆ. ಅದು ಮುರಿದು ನೊರೆಯಾದದ್ದೇ ತಡ, ನೊರೆಯ ಅಂಚಿನುದ್ದಕ್ಕೆ ದೊಡ್ಡ ಕಮಾನು ಹಾಕಿ ಓಡುತ್ತಾನೆ. ತೆರೆ ಹಿಂದೆ ಸರಿಯುತ್ತದೆ. ತಾನೇ ಅಟ್ಟಿದೆ ಎಂಬ ಸಮಾಧಾನದಲ್ಲಿ ನನ್ನ ಕಡೆ ನೋಡುತ್ತಾನೆ. ಅಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಅರಬ್ಬೀ ಸಮುದ್ರವನ್ನು ದೊಡ್ಡಿಗೆ ಸೇರಿಸುವ ಕೆಲಸ ಅದು, ಮುಗಿಯುವಂಥದ್ದಲ್ಲ. ಆದರೆ ಅವನಿಗೆ ಆತುರವಿರಲಿಲ್ಲ, ನನಗಂತೂ ಯಾವ ಕಾಲಕ್ಕೂ ಇರಲಿಲ್ಲ. ನಾನು ಮರಳಿನ ಮೇಲೆ ಕೂತು, ಬಿಳಿಯ ತೆರೆಗಳೆಲ್ಲ ಕುರಿಗಳಾಗಿ, ಅವುಗಳ ಬೆನ್ನ ಮೇಲೆ ಬೆಳಗಿನ ಬಿಸಿಲು ಕೂತು, ಅವು ದಡ ಹತ್ತಿ ಗಾಳಿಮರಗಳ ನಡುವೆ ಮೇಯುತ್ತ ಹೋಗುವುದನ್ನು ನೋಡುತ್ತಿದ್ದೆ. ನನ್ನ ಪಾಲಿಗೆ ಬದುಕಿನ ಅತ್ಯಂತ ಸುಖದ ಬೆಳಗುಗಳು ಅವು. ಕೆಲವೊಮ್ಮೆ ಮೀನುಗಾರರು ಸಾಲಾಗಿ ನಿಂತು ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ಭರಣಿ ಹೋಗಿ ಬಲೆಯ ಎರಡು ತುದಿಗಳ ನಡುವೆ ಆಚೀಚೆ ಓಡಾಡಿ ಮೇಲ್ವಿಚಾರಣೆ ಮಾಡುತ್ತಿದ್ದ. "ಇವನು ನಮ್ಮವನೇ ಮಾರಾಯ್ರೆ" ಎಂದರು ಅವರಲ್ಲೊಬ್ಬ ಹಿರಿಯರು. "ನಮ್ಮದು ಸಹ ಒಟ್ಟು ಮಾಡುವ ಕೆಲಸವೇ ಅಲ್ವಾ."

ಹೀಗೇ ಇದ್ದುಬಿಡಬಹುದಿತ್ತು. ಆದರೆ ಒಂದು ಮಧ್ಯಾಹ್ನ ಪಾರ್ಸೆಲ್ ಕೊಡಲು ಬಂದವರೊಬ್ಬರು ಗೇಟು ಮುಚ್ಚದೆ ಒಳಗೆ ಬಂದರು. ಭರಣಿ ಹೊರಗೆ ಹೋಗಿ ಓಣಿಯ ನಡುವೆ ಕವುಚಿ ಮಲಗಿ, ಎದುರಿನಿಂದ ಬರುತ್ತಿದ್ದ ಸ್ಕೂಟರನ್ನು ದಿಟ್ಟಿಸಿದ. ತೆರೆ ಹಿಂದೆ ಹೋಗುತ್ತದೆ, ಸ್ಕೂಟರು ಹೋಗುವುದಿಲ್ಲ. ಸವಾರ ಬ್ರೇಕು ಹಾಕಿ ಜಾರಿ ಬಿದ್ದರು. ಮೊಣಕೈ ತರಚಿತ್ತು, ಹೆಚ್ಚೇನಿಲ್ಲ. ವೀಣಾ ಅವರನ್ನು ಒಳಗೆ ಕೂರಿಸಿ ಔಷಧಿ ಹಚ್ಚಿ ಪುನರ್ಪುಳಿ ಶರಬತ್ತು ಕೊಟ್ಟಳು. ಅವರು ಒಳ್ಳೆಯವರು, ನಾಯಿಯ ತಲೆ ಸವರಿ ಹೋದರು. ಆದರೆ ಅವರು ಹೋದ ಮೇಲೆ ವೀಣಾ ಗೇಟಿನ ಚಿಲಕವನ್ನು ಎರಡೆರಡು ಸಲ ಎಳೆದು ನೋಡಿದಳು. ಸ್ಕೂಟರಿನ ಬದಲು ಲಾರಿ ಬಂದಿದ್ದರೆ ಎಂಬುದು ಇಬ್ಬರ ತಲೆಯಲ್ಲೂ ಇತ್ತು.

ಆ ಸಂಜೆ ಭರಣಿ ನಮ್ಮನ್ನು ಅಮ್ಮನ ಕೋಣೆಗೆ ತುಂಬಿಸಿದ ಮೇಲೆ ವೀಣಾ ಟಿವಿಯ ಸದ್ದು ತಗ್ಗಿಸಿ ಮಾತು ತೆಗೆದಳು. "ಅವನದ್ದು ತಪ್ಪಲ್ಲ. ಅವನಿಗೆ ಬೇಕಾದದ್ದು ಕೆಲಸ. ನಮ್ಮಲ್ಲಿ ಕೆಲಸ ಇಲ್ಲ. ಪ್ರೀತಿ ಉಂಟು ಅಂತ ಸುಮ್ಮನೆ ಕೂಡಿ ಹಾಕುವುದು ಸರಿಯಾ? ನಾಳೆ ನನಗೆ ಯಾರಾದ್ರೂ ನೀನು ಪಾಠ ಮಾಡ್ಬೇಡ, ಸುಮ್ಮನೆ ಪ್ರೀತಿಯಿಂದ ಇರು ಅಂದ್ರೆ ನಾನು ಸಹ ಚಪ್ಪಲಿ ಎಳ್ಕೊಂಡು ಹೋಗ್ತೇನೆ." ನನ್ನ ದೊಡ್ಡಮ್ಮನ ಮಗ ಭಾಸ್ಕರಣ್ಣ ಮುಂಬಯಿಯ ಹೋಟೆಲನ್ನು ತಮ್ಮಂದಿರಿಗೆ ಬಿಟ್ಟು ಬಂದು, ಮೂಡಬಿದ್ರೆಯಿಂದ ಆಚೆ ಜಾಗ ತೆಗೆದುಕೊಂಡು ಆಡು ಸಾಕುತ್ತಿದ್ದರು. ಅವುಗಳನ್ನು ಸಂಜೆ ದೊಡ್ಡಿಗೆ ತರುವುದೇ ಕಷ್ಟ ಎಂದು ಎಷ್ಟೋ ಸಲ ಹೇಳಿದ್ದರು. ಅಲ್ಲಿಗೆ ಕೊಡುವುದೇ ನ್ಯಾಯ ಎಂದಳು ವೀಣಾ. ಅವಳ ತರ್ಕದಲ್ಲಿ ಎಲ್ಲಿಯೂ ಸಂದು ಇರಲಿಲ್ಲ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಸದ್ದಿಲ್ಲದ ಟಿವಿಯನ್ನೇ ನೋಡುತ್ತಿದ್ದರು. ಅನ್ವಿತಾಳಿಗೆ ಫೋನು ಮಾಡಿದಾಗ, "ಮಮ್ಮಿ ಹೇಳುವುದು ಸರಿ ಪಪ್ಪ" ಎಂದಳು. "ಸರಿ ಅಂತ ಗೊತ್ತಿದ್ರೂ ನಾನು ಈಗ ಅಳ್ತೇನೆ. ನೀವು ಫೋನ್ ಇಡಿ."

ಮಳೆ ಬಿಟ್ಟ ಮೇಲಿನ ಒಂದು ಭಾನುವಾರ ಹೊರಟೆವು. ಅನ್ವಿತಾ ಹಿಂದಿನ ದಿನವೇ ಬಂದಿದ್ದಳು. ಅಮ್ಮ ಬರುವುದಿಲ್ಲ ಎಂದಿದ್ದವರು ಬೆಳಗ್ಗೆ ನೋಡಿದರೆ ಒಳ್ಳೆಯ ಸೀರೆ ಉಟ್ಟು ಕಾರಿನಲ್ಲಿ ಕೂತಿದ್ದರು. ಭಾಸ್ಕರನ ಹೊಸ ಮನೆ ನೋಡಿಯೇ ಇಲ್ಲವಲ್ಲ ಎಂದರು. ಅವರ ತೊಡೆಯ ಮೇಲೆ ಒಂದು ಟಿಫಿನ್ ಕ್ಯಾರಿಯರ್. ಅದರಲ್ಲಿ ಕುಚ್ಚಲಕ್ಕಿ ಅನ್ನ, ಮುಳ್ಳು ತೆಗೆದ ಬಂಗುಡೆ. ಭಾಸ್ಕರಣ್ಣನ ಮನೆಯಲ್ಲಿ ಊಟಕ್ಕೆ ಕೊರತೆಯೇ ಎಂದು ವೀಣಾ ಕೇಳಿದ್ದಕ್ಕೆ, ಹೊಸ ಜಾಗದಲ್ಲಿ ಮೊದಲ ದಿನ ಗುರುತಿನ ರುಚಿ ಇರಬೇಕು ಎಂದರು. ಮತ್ತೆ ಮೂಡಬಿದ್ರೆಯವರೆಗೆ ಒಬ್ಬೊಬ್ಬರು ಒಂದೊಂದು ಕಿಟಕಿ ಹಿಡಿದು ಕೂತರು. ಭರಣಿಗೆ ಮಾತ್ರ ಅಷ್ಟು ಸುಖ ಯಾವತ್ತೂ ಸಿಕ್ಕಿರಲಿಲ್ಲ. ಇಡೀ ಸಂಸಾರ ಒಂದೇ ಪೆಟ್ಟಿಗೆಯಲ್ಲಿ, ಬಾಗಿಲೂ ಮುಚ್ಚಿದೆ. ನಿಶ್ಚಿಂತೆಯಿಂದ ನಿದ್ದೆ ಮಾಡಿದ.

ಭಾಸ್ಕರಣ್ಣನ ಮನೆಯ ಹಿಂದೆ ದೊಡ್ಡ ಪದವು. ಪದವು ಎಂದರೆ ನಮ್ಮ ಕಡೆಯ ಕೆಂಪು ಮುರಕಲ್ಲಿನ ಬಯಲು, ಗುಡ್ಡದ ನೆತ್ತಿಯನ್ನು ಯಾರೋ ಕೈಯಿಂದ ಸವರಿ ಸಮ ಮಾಡಿದ ಹಾಗೆ ಇರುತ್ತದೆ. ಅಲ್ಲಿ ಆಡುಗಳು ದೂರದೂರಕ್ಕೆ ಚೆಲ್ಲಿ ಮೇಯುತ್ತಿದ್ದವು. ಭರಣಿ ಕಾರಿನಿಂದ ಇಳಿದು ಅವುಗಳನ್ನು ನೋಡಿದ. ಅಲ್ಲೇ ನಿಂತುಬಿಟ್ಟ. ಅವನ ಮೈಯಲ್ಲಿ ಒಂದು ಸಣ್ಣ ನಡುಕ ಕಿವಿಯಿಂದ ಬಾಲದವರೆಗೆ ಹೋಯಿತು. ಹಾಡು ಕಲಿಯದವನಿಗೆ ಎಲ್ಲಿಂದಲೋ ತನ್ನದೇ ರಾಗ ಕೇಳಿಸಿದರೆ ಹೀಗಾಗುತ್ತದೋ ಏನೋ. ಆಮೇಲೆ ಬಿಲ್ಲಿನಂಥ ದೊಡ್ಡ ಸುತ್ತು ಹಾಕಿ ಬಯಲಿನ ಆಚೆ ತುದಿಗೆ ಹೋದ. ಬೊಗಳಲಿಲ್ಲ, ಕಚ್ಚಲಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಸುಮ್ಮನೆ ಮಲಗಿ ದಿಟ್ಟಿಸಿ, ಅಷ್ಟೇ. ಚೆಲ್ಲಿಹೋಗಿದ್ದ ಆಡುಗಳು ನೀರು ತಗ್ಗಿಗೆ ಹರಿಯುವ ಹಾಗೆ ಒಟ್ಟಾದವು. ಯಾರೂ ಕಲಿಸಿದ್ದಲ್ಲ. ನಮ್ಮ ಮನೆಯ ಚಪ್ಪಲಿಗಳ ಮೇಲೆ ಅವನು ಅಭ್ಯಾಸ ಮಾಡಿದ್ದು ಇದನ್ನೇ. ಭಾಸ್ಕರಣ್ಣ ಬಾಯಿ ತೆರೆದವರು ಮುಚ್ಚಲಿಲ್ಲ. ಅನ್ವಿತಾ ವೀಣಾಳ ಕೈ ಹಿಡಿದುಕೊಂಡಳು. ವೀಣಾ ಮೆಲ್ಲಗೆ, "ನೋಡಿದ್ರಾ" ಎಂದಳು. ಅವಳು ಗೆದ್ದಿದ್ದಳು. ಗೆದ್ದವಳ ಮುಖ ಅಷ್ಟು ಸಣ್ಣದಾದುದನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ.

ಇನ್ನು ವಾದಿಸುವುದಕ್ಕೆ ಏನೂ ಉಳಿದಿರಲಿಲ್ಲ. ಊಟವಾಯಿತು. ಸಂಜೆಗೆ ಮುಂಚೆ, ಭರಣಿ ಆಡುಗಳೊಂದಿಗೆ ಇರುವಾಗಲೇ ಹೇಳದೆ ಹೊರಟುಬಿಡುವುದೆಂದು ಮಾತಾಯಿತು. ಅಲ್ಲಿಯವರೆಗೆ ಒಬ್ಬರ ಮುಖ ಇನ್ನೊಬ್ಬರು ನೋಡಲಾರದೆ ನಾವು ಒಂದೊಂದು ದಿಕ್ಕಿಗೆ ಹೋದೆವು. ಅನ್ವಿತಾ ಕೆರೆಯ ಕಡೆಗೆ, ವೀಣಾ ಗೊಬ್ಬರದ ಗುಂಡಿ ನೋಡುವ ನೆಪದಲ್ಲಿ ಹಿತ್ತಿಲಿಗೆ, ಅಮ್ಮ ಭಾಸ್ಕರಣ್ಣನ ಹೆಂಡತಿಯ ಜೊತೆ ಅಡುಗೆಮನೆಗೆ. ನಾನು ಪದವಿನ ಮೇಲೆ ನಡೆಯುತ್ತ ನಡೆಯುತ್ತ ಮನೆಯ ಹೆಂಚು ಕಾಣದಷ್ಟು ದೂರ ಹೋದೆ. ಮಳೆಯ ನೀರು ಕಲ್ಲಿನ ಗುಳಿಗಳಲ್ಲಿ ನಿಂತು ಒಂದೊಂದು ಗುಳಿಯಲ್ಲೂ ಒಂದೊಂದು ಚೂರು ಆಕಾಶ ಇತ್ತು. ಸುತ್ತ ಸಾಸಿವೆಗಿಂತ ತುಸು ದೊಡ್ಡದಾದ ನೀಲಿ ಹೂಗಳು, ಲೆಕ್ಕವಿಲ್ಲದಷ್ಟು. ಅವುಗಳ ಮೇಲೆ ಏರೋಪ್ಲೇನ್ ಚಿಟ್ಟೆಗಳು ನಿಂತಲ್ಲೇ ನಿಂತಿದ್ದವು. ಬಿಸಿ ಆರದ ಕಲ್ಲಿನ ಮೇಲೆ ಬೆನ್ನು ಚಾಚಿದೆ. ಮೋಡಗಳ ನೆರಳು ಬಯಲಿನ ಮೇಲೆ ನಡೆಯುತ್ತ ಬಂದು ನನ್ನ ಮೇಲೆ ಹಾಯ್ದು ಹೋಗುತ್ತಿತ್ತು. ಒಂದು ನೆರಳು, ಮತ್ತೆ ಬಿಸಿಲು, ಮತ್ತೊಂದು ನೆರಳು. ನಾಳೆ ಬೆಳಗ್ಗೆ ಹೊಳೆ ದಾಟುವಾಗ ದೋಣಿಯವನು ಕೇಳುತ್ತಾನೆ, ಏನು ಹೇಳಲಿ ಎಂದು ಯೋಚಿಸಿದೆ. ಮತ್ತೆ, ಇನ್ನು ಹೊಳೆ ದಾಟುವ ಕೆಲಸವೇ ಇಲ್ಲವಲ್ಲ ಎಂದು ಹೊಳೆಯಿತು. ಕಣ್ಣು ಮುಚ್ಚಿಕೊಂಡೆ. ನಿದ್ದೆಯೋ ಎಚ್ಚರವೋ, ಮೋಡಗಳನ್ನು ಯಾರೋ ಹಿಂದಿನಿಂದ ಅಟ್ಟುತ್ತಿದ್ದಾರೆ ಎಂದು ಅನಿಸುತ್ತಿತ್ತು.

ಕಾಲಿಗೆ ತಣ್ಣಗೆ, ಒದ್ದೆಯಾಗಿ ಏನೋ ತಾಗಿತು. ಭರಣಿ. ನಾಲಗೆ ಹೊರಗೆ ಹಾಕಿ, ಎದೆಯೆಲ್ಲ ಕೆಮ್ಮಣ್ಣು ಮಾಡಿಕೊಂಡು ನಿಂತಿದ್ದ. ನಾನು ಎದ್ದು ಕೂತು, ಅವನ ಎರಡೂ ಕಿವಿ ಹಿಡಿದು, ಅದೇ ನನ್ನ ಪುಸ್ತಕದ ಕನ್ನಡದಲ್ಲಿ ಹೇಳಿದೆ. "ನೀನು ಇನ್ನು ಇಲ್ಲಿಯೇ ಇರಬೇಕು. ಇಲ್ಲಿ ನಿನಗೆ ಕೆಲಸವಿದೆ." ಅವನು ತಲೆ ವಾರೆ ಮಾಡಿ ಪೂರ್ತಿ ಕೇಳಿದ. ಆಮೇಲೆ ನನ್ನ ಹಿಂದಕ್ಕೆ ಬಂದು ಮೀನಖಂಡಕ್ಕೆ ಮೂಗು ಹಚ್ಚಿ ದೂಡಿದ. ನಾನು ಎದ್ದೆ. ನಡೆದೆ. ನೀಲಿ ಹೂಗಳನ್ನು ನೋಡಲು ಬಲಕ್ಕೆ ವಾಲಿದರೆ ಬಲಗಡೆಗೆ ಬಂದು ತಿರುಗಿಸಿದ. ನಿಂತರೆ ಮತ್ತೆ ದೂಡಿದ.

ಕೆಳಗೆ ಬಂದು ನೋಡಿದರೆ ಆಡುಗಳು ಆಗಲೇ ದೊಡ್ಡಿಯಲ್ಲಿದ್ದವು. ಹೊತ್ತಿಗೆ ಮುಂಚೆ ಕಚೇರಿಯ ಕೆಲಸ ಮುಗಿಸಿ ಮನೆಗೆ ಹೊರಟವರ ಹಾಗೆ ಭರಣಿ ಅವುಗಳನ್ನು ತುಂಬಿಸಿಯಾಗಿತ್ತು. ಕಾರಿನ ಪಕ್ಕ ಅನ್ವಿತಾ ನಿಂತಿದ್ದಳು, ಪಾದ ಒದ್ದೆ. ವೀಣಾ ನಿಂತಿದ್ದಳು, ಸೀರೆಯ ಅಂಚಿನಲ್ಲಿ ಗೊಬ್ಬರ. ಅಮ್ಮ ಕೈಯಲ್ಲಿ ಅರ್ಧ ಕುಡಿದ ಚಹಾದ ಲೋಟ ಹಿಡಿದುಕೊಂಡೇ ನಿಂತಿದ್ದರು. ಕೆರೆಯಿಂದ, ಹಿತ್ತಿಲಿನಿಂದ, ಅಡುಗೆಮನೆಯಿಂದ ಅವರನ್ನು ಹೇಗೆ ತಂದನೆಂದು ಯಾರೂ ವಿವರಿಸಲಿಲ್ಲ. ನನ್ನನ್ನು ಆ ಗುಂಪಿಗೆ ಸೇರಿಸಿ, ನಮ್ಮ ಸುತ್ತ ಒಂದು ಸುತ್ತು ಬಂದು, ಭರಣಿ ಕಾರಿನ ಬಾಗಿಲಿನ ಮುಂದೆ ಕೂತ.

ಭಾಸ್ಕರಣ್ಣ ಮನೆಯ ಮೆಟ್ಟಿಲಿನಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದರು. ಅಮ್ಮ ಉಳಿದ ಚಹಾ ಕುಡಿದು ಲೋಟವನ್ನು ಅವರ ಕೈಗೆ ಕೊಟ್ಟು, "ಟಿಫಿನ್ ಕ್ಯಾರಿಯರ್ ತೆಕ್ಕೊಂಡು ಬಾ ಭಾಸ್ಕರ" ಎಂದರು. ವೀಣಾ ನೆಲ ನೋಡುತ್ತಿದ್ದಳು. ಎಲ್ಲವನ್ನೂ ತೂಗಿ ಅಳೆಯುವ ನನ್ನ ಹೆಂಡತಿ ಅಂದು ಏನು ತೂಗಿದಳೋ ನನಗೆ ತಿಳಿಯದು. ತಾನೇ ಮುಂದೆ ಹೋಗಿ ಕಾರಿನ ಹಿಂಬಾಗಿಲು ತೆಗೆದಳು.

"ಇವತ್ತು ಬೇಡ" ಎಂದಳು.

ನಮ್ಮ ಮನೆಯಲ್ಲಿ 'ಇವತ್ತು ಬೇಡ' ಎಂದರೆ ಯಾವತ್ತೂ ಬೇಡ ಎಂದರ್ಥ. ಹೊಸ ಸೋಫಾ, ನನ್ನ ದೂರದರ್ಶಕ ಕೊಳ್ಳುವ ಆಸೆ, ಎಲ್ಲವೂ ಆ ಮಾತಿನಲ್ಲೇ ಮುಗಿದದ್ದು. ಅನ್ವಿತಾಳಿಗೂ ಅದು ಗೊತ್ತು. ಅವಳು ಭರಣಿಯ ಹಿಂದೆಯೇ ಕಾರಿನೊಳಗೆ ನುಗ್ಗಿ ಅವನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ಭಾಸ್ಕರಣ್ಣ ಟಿಫಿನ್ ಕ್ಯಾರಿಯರ್ ತಂದು ಕಿಟಕಿಯಿಂದ ಕೊಡುತ್ತ, "ಎಂತ ಮಾರಾಯ, ನೀವು ಕೊಡ್ಲಿಕ್ಕೆ ಬಂದದ್ದಾ, ತೋರಿಸ್ಲಿಕ್ಕೆ ಬಂದದ್ದಾ?" ಎಂದು ಕೇಳಿದರು. ನಾನು ಕಾರು ಚಾಲೂ ಮಾಡಿದೆ.

ವೀಣಾಳ ತರ್ಕ ಮಾತ್ರ ಕಾರಿನ ಜೊತೆಗೇ ಮನೆಗೆ ಬಂತು. ಅವನಿಗೆ ಕೆಲಸ ಬೇಕು ಎಂಬುದು ಸುಳ್ಳಾಗಿರಲಿಲ್ಲ. ಆ ಬಯಲಿನಲ್ಲಿ ಅವನು ಓಡಿದ್ದನ್ನು ನೋಡಿದ ಮೇಲೆ ಸುಳ್ಳೆನ್ನುವ ಮುಖ ನಮಗೂ ಇರಲಿಲ್ಲ. ಗೇಟಿಗೆ ತನ್ನಿಂತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗು ಹಾಕಿಸಿದೆವು. ಮಕ್ಕಳ ಮನೆಯವರನ್ನು ಫ್ಲಾವಿಯಾ ಬಾಯಿಯೇ ಒಪ್ಪಿಸಿ, ಪರೀಕ್ಷೆ ಹತ್ತಿರ ಬಂದಾಗ ಅವನನ್ನು ಕರೆಸಿಕೊಳ್ಳತೊಡಗಿದರು. ಇಷ್ಟಾದರೂ ಸಾಲದು ಎಂದು ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಭಾಸ್ಕರಣ್ಣನ ಫೋನು ಬಂತು. ಅಂದಿನಿಂದ ಆಡುಗಳು ತಮ್ಮ ಮಾತೇ ಕೇಳುತ್ತಿಲ್ಲ, ಭಾನುವಾರಕ್ಕಾದರೂ ನಾಯಿಯನ್ನು ಕಳಿಸಿ ಎಂದರು. ನಾನು ಕರೆದುಕೊಂಡು ಹೋದೆ. ಅವನು ಕಾರಿನಿಂದ ಇಳಿಯಲಿಲ್ಲ. ನಾನಿಳಿದ ಮೇಲೆ ಇಳಿದ. ನಾನು ಚಹಾ ಕುಡಿಯಲು ಒಳಗೆ ಹೋದರೆ ಆಡುಗಳನ್ನು ನಡುಬಯಲಿನಲ್ಲಿ ಬಿಟ್ಟು ಬಂದು ಮೆಟ್ಟಿಲಿನಲ್ಲಿ ಕೂತ. ಭಾಸ್ಕರಣ್ಣ ವಿಷಯವನ್ನು ಅರ್ಥ ಮಾಡಿಕೊಂಡು, "ನೀನು ಅಲ್ಲಿ ಹೋಗಿ ನಿಲ್ಲು ಮಾರಾಯ. ಎಂತ ಸಹ ಮಾಡ್ಬೇಡ. ಸುಮ್ಮನೆ ಅವನಿಗೆ ಕಾಣುವ ಹಾಗೆ ನಿಲ್ಲು" ಎಂದರು. ಏನೂ ಮಾಡದೆ ಸುಮ್ಮನೆ ನಿಲ್ಲುವುದು. ಈ ವಯಸ್ಸಿನಲ್ಲಿ, ನನ್ನ ಯೋಗ್ಯತೆಗೆ ತಕ್ಕ ಹುದ್ದೆಯನ್ನು ಒಬ್ಬರಾದರೂ ಗುರುತಿಸಿದರು.

ಬಯಲಿನಲ್ಲಿ ನಿಂತೆ. ಪಡುವಣದಲ್ಲಿ ಬೆಳಕು ಕೆಂಪಾಗುತ್ತಿತ್ತು. ಮೋಡವೊಂದು ಹಾಯಿಯ ಹಾಗೆ ಉಬ್ಬಿಕೊಂಡು ಕಡಲಿನ ಕಡೆಗೆ ಹೊರಟಿತ್ತು, ನಾನೂ ಅದನ್ನು ಹತ್ತಿಕೊಂಡೆ. ಹಿಂದಿನಿಂದ ಗೊರಸುಗಳ ಸಪ್ಪಳ, ಮೈಗೆ ಮೈ ತಾಗಿಸಿಕೊಂಡು ಹೋಗುವ ರೋಮದ ಬಿಸಿ, ಆಗೊಮ್ಮೆ ಈಗೊಮ್ಮೆ ಮೀನಖಂಡಕ್ಕೊಂದು ಒದ್ದೆ ಮೂಗು, ಎಲ್ಲವೂ ಕನಸಿನ ಹಾಗೆ ತಿಳಿಯುತ್ತಿತ್ತು. ಮರದ ಬಾಗಿಲು ಮುಚ್ಚಿದ ಸದ್ದಿಗೆ ಎಚ್ಚರವಾಯಿತು. ನನ್ನ ಸುತ್ತ ಆಡುಗಳು. ಸುತ್ತ ಬೇಲಿ. ಭಾಸ್ಕರಣ್ಣ ಫೋನಿನಲ್ಲಿ ಮುಂಬಯಿಯ ತಮ್ಮನ ಜೊತೆ ಮಾತಾಡುತ್ತಲೇ ದೊಡ್ಡಿಯ ಅಗುಳಿ ಹಾಕಿ, ಒಳಗೆ ನೋಡದೆ ಮನೆಯ ಕಡೆಗೆ ಹೋಗುತ್ತಿದ್ದರು. ಬೇಲಿಯ ಹೊರಗೆ ಭರಣಿ ನಮ್ಮೆಲ್ಲರ ಮೇಲೆ ಒಮ್ಮೆ ಕಣ್ಣಾಡಿಸಿ, ಮುಂಗಾಲಿನ ಮೇಲೆ ಗಲ್ಲವಿಟ್ಟು ಮಲಗಿದ. ಕೂಗಿದ್ದರೆ ಭಾಸ್ಕರಣ್ಣನಿಗೆ ಕೇಳಿಸುತ್ತಿತ್ತು. ನಾನು ಕೂಗಲಿಲ್ಲ. ಮುದಿ ಆಡೊಂದು ನನ್ನ ಅಂಗಿಯ ತುದಿಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿಯತೊಡಗಿತು. ಇನ್ನೊಂದು ಸ್ವಲ್ಪ ಸರಿದು ನನಗೆ ಕೂರಲು ಜಾಗ ಬಿಟ್ಟಿತು.